ಬೂಟು ರಿಪೇರಿಯವನ ಬರಿಗಾಲು

ಮೂವತ್ತು ವರ್ಷದಿಂದ ಊರವರ ಬೂಟು ರಿಪೇರಿ ಮಾಡುತ್ತಾ ಬಂದವನಿಗೆ ‘ಬೂಟೇ ನಿಮ್ಮ ಶತ್ರು’ ಎಂದರೆ ಮೈ ಉರಿಯದೆ ಇರುತ್ತದೆಯೇ? ಬೇರೆ ಯಾರಾದರೂ ಅಂದಿದ್ದರೆ ಬೂಟು ಹೊಲಿಯುವ ದಬ್ಬಳ ತೋರಿಸಿ ಓಡಿಸುತ್ತಿದ್ದ. ಅಂದವನು ಹೆಂಡತಿಯ ತಮ್ಮ, ಶಾಲೆಯ ಡ್ರಿಲ್ ಮಾಸ್ತರು. ಹಲ್ಲು ಕಚ್ಚಿಕೊಂಡು ಕೇಳಿಸಿಕೊಳ್ಳಬೇಕಾಯಿತು.

“ಭಾವ, ಒಂದು ತಿಂಗಳು ಬರಿಗಾಲಲ್ಲಿ ಓಡಿ ನೋಡಿ. ಮಂಡಿನೋವು ಹೇಳದೆ ಕೇಳದೆ ಹೋಗುತ್ತೆ.”

ಬೂಟನ್ನು ಎರಡು ಮಂಡಿಗಳ ನಡುವೆ ಅವುಚಿ ಹಿಡಿದರೇ ಹೊಲಿಗೆ ನೆಟ್ಟಗೆ ಬೀಳುವುದು. ಎಡಮಂಡಿ ಮುಷ್ಕರ ಹೂಡಿ ಎರಡು ತಿಂಗಳಾಗಿತ್ತು, ಹೊಲಿಗೆ ಸೊಟ್ಟಗಾಗುತ್ತಿತ್ತು. ಈ ಕೆಲಸ ಬಿಟ್ಟರೆ ಅವನಿಗೆ ಇನ್ನೊಂದು ಬಾರದು. ಕೈಕಟ್ಟಿ ಕೂರುವ ದಿನವನ್ನು ನೆನೆದರೇ ಅವನಿಗೆ ಭಯವಾಗುತ್ತಿತ್ತು. ಒಪ್ಪಿಕೊಂಡ.

ಮೊದಲ ದಿನ ಜಲ್ಲಿಕಲ್ಲು. ಎರಡನೇ ದಿನ ಮೊಳೆ, ಅದೂ ಅವನದೇ ಅಂಗಡಿ ಮುಂದೆ, ಅವನೇ ಯಾವಾಗಲೋ ಬೀಳಿಸಿದ್ದ ಮೊಳೆ! ಹಾಲಿನವಳು ಬೇರೆ, “ಎಲ್ಲರ ಬೂಟು ಹೊಲಿದು ಕೊನೆಗೆ ನಿಮಗೇ ಇಲ್ದಂಗಾಯ್ತಾ?” ಎಂದು ಬೀದಿಗೆಲ್ಲ ಕೇಳುವಂತೆ ನಕ್ಕಳು. ಇಷ್ಟಕ್ಕೂ ಮಾಸ್ತರು ಮಾಡುತ್ತಿದ್ದದ್ದೇನು? ಹೊಸ ಬೂಟು ತೊಟ್ಟು, ಸೈಕಲ್ಲಿನಲ್ಲಿ ಪಕ್ಕಪಕ್ಕದಲ್ಲೇ ಬರುತ್ತಾ ಸೀಟಿ ಊದುತ್ತಿದ್ದ.

“ಭಾವ, ಮುಖ ಸಡಿಲ ಬಿಡಿ!”

“ನೀನು ಮೊದಲು ಬಾಯಿ ಮುಚ್ಚು ಮಾರಾಯ!”

ಹತ್ತನೇ ದಿನ ಬೀದಿ ಕೊನೆಯಲ್ಲಿ ನಲ್ಲಿ ಪೈಪು ಒಡೆದು ರಸ್ತೆಯೆಲ್ಲ ನೀರು. ಒದ್ದೆ ಕಾಲಲ್ಲೇ ಅಂಗಡಿ ಹಾದು ಒಳಮನೆಗೆ ನುಗ್ಗಿದ, ಟವೆಲ್ ಸಿಗಲಿಲ್ಲವೆಂದು ರೇಗಿದ, ಸಿಕ್ಕಿದ ಮೇಲೂ ರೇಗುತ್ತಲೇ ಈಚೆ ಬಂದ. ಸಿಮೆಂಟು ನೆಲದ ತುಂಬ ಹೆಜ್ಜೆ ಗುರುತು. ಇದ್ದ ಸಿಟ್ಟೆಲ್ಲ ಅದರ ಮೇಲೆ ತಿರುಗಿತು.

“ಯಾರೇ ಇದು, ಅಂಗಡಿ ತೆಗೆಯೋಕೆ ಮುಂಚೆನೇ ಒಳಗೆ ಬಂದಿದ್ದು? ಹೆಜ್ಜೆ ನೋಡು ಇವನದ್ದು! ಬಲಗಾಲು ಪೂರ್ತಿ ಇದೆ, ಎಡಗಾಲಿದ್ದು ಬರೀ ಹೊರಗಿನ ಅಂಚು. ಹಿಂಗೆ ನಡೆದರೆ ಮಂಡಿ ಉಳಿಯುತ್ತಾ? ಬರಲಿ, ಇವನಿಗಿದೆ!”

ಗಿರಾಕಿಗಳಿಗೆ ಅವನು ಬೈಯುತ್ತಿದ್ದದ್ದೇ ಹೀಗೆ. ಬೂಟಿನಡಿಯ ಅಟ್ಟೆ ನೋಡಿದರೆ ಸಾಕು, ನಡಿಗೆ ಹೇಳುತ್ತಿದ್ದ. ‘ಇಷ್ಟು ಸವೆಯೋವರೆಗೂ ಏನು ಮಾಡ್ತಿದ್ರಿ?’ ಎಂದು ಜಾಡಿಸುತ್ತಿದ್ದ. ‘ಟೈಮ್ ಆಗಲಿಲ್ಲ’ ಎಂದವರಿಗಂತೂ ಇನ್ನೆರಡು ಮಾತು ಹೆಚ್ಚು.

ನೆಲ ಒರೆಸಲು ಬಟ್ಟೆ ಹಿಡಿದು ಬಂದ ಹೆಂಡತಿ ಹೆಜ್ಜೆ ನೋಡಿದಳು, ಅವನ ಪಾದ ನೋಡಿದಳು. ಬೆಂಚಿನ ಕೆಳಗಿಂದ ಅವನ ಹಳೇ ಬೂಟು ತೆಗೆದು, ಎಡಗಾಲಿನದ್ದನ್ನು ಮಗುಚಿ ಅವನ ಮುಂದೆ ಹಿಡಿದಳು. ಅಟ್ಟೆಯ ಹೊರ ಅಂಚು ಕಾಗದದಷ್ಟು ತೆಳ್ಳಗಾಗಿತ್ತು.

“ರೀ, ಇಷ್ಟು ಸವೆಯೋವರೆಗೂ ಏನು ಮಾಡ್ತಿದ್ರಿ?”

ಅವನು ಬಾಯಿ ತೆರೆದ. “ಟೈಮ್ ಆಗಲಿಲ್ಲ ಕಣೇ,” ಎಂದ, ಮೆಲ್ಲಗೆ.

ಬೈಗುಳಕ್ಕೆ ಕಾದ. ಅವಳು ಬೈಯಲಿಲ್ಲ. ದಬ್ಬಳ ತಂದು ಅವನ ಕೈಗಿಟ್ಟಳು.