ಊರಿಗೆ ಬಾರದೆ ಇಳಿದ ದಿನಗಳು

ಅವರ ಬಲಗೈ ತೋರುಬೆರಳಿಗೆ ಉಗುರು ಅರ್ಧವೇ ಇತ್ತು. ದೇವಲಾಪುರದ ಕಡೆಯ ಹಳ್ಳಿಯಲ್ಲಿ ಅವರ ತಂದೆಯ ಕುಲುಮೆ. ಚಿಕ್ಕಂದಿನಲ್ಲಿ ಅಲ್ಲಿ ಸುತ್ತಿಗೆ ಜಾರಿ ಬೆರಳಿನ ಮೇಲೆ ಬಿದ್ದಿತ್ತು. ಉಗುರು ಮತ್ತೆ ಪೂರ್ತಿ ಬೆಳೆಯಲಿಲ್ಲ. ಹೋಟೆಲಿನ ತಿಂಡಿ ಪಟ್ಟಿಯಾಗಲಿ, ಮದುವೆ ಕಾಗದವಾಗಲಿ, ಆ ಮೊಂಡು ಬೆರಳನ್ನು ಸಾಲಿನ ಕೆಳಗಿಟ್ಟೇ ಓದುತ್ತಿದ್ದರು. ಸಾಲು ಮುಗಿಯದೆ ಬೆರಳು ಇಳಿಯುತ್ತಿರಲಿಲ್ಲ.

"ಬಾಯಿಪಾಠ ಬತ್ತದೆ ಅಂತ ನಂಬಬಾರ್ದು ಕಣ್ಲಾ" ಅನ್ನುತ್ತಿದ್ದರು. "ವಿಮಾನದ ಎಂಜಿನ್ ಸುರು ಮಾಡಕ್ಕೆ ಮುಂಚೆ ಓದೋ ಪಟ್ಟಿ ಇಪ್ಪತ್ತು ವರ್ಸದಿಂದ ಅದೇಯಾ. ಈಗ್ಲೂ ಬೆರಳಿಟ್ಟೇ ಓದ್ತೀನಿ."

ನಾವೆಲ್ಲ ಅವರನ್ನು ಪೈಲಟಣ್ಣ ಎನ್ನುತ್ತಿದ್ದೆವು. ವಾಯುಸೇನೆಯಲ್ಲಿ ಇಪ್ಪತ್ತು ವರ್ಷ ವಿಮಾನ ಹಾರಿಸಿ, ಆಮೇಲೆ ಹೊಸದಾಗಿ ಶುರುವಾಗಿದ್ದ ಖಾಸಗಿ ಕಂಪನಿಯೊಂದನ್ನು ಸೇರಿದ್ದರು. ಹೆಂಡತಿ ಶ್ರೀರಂಗಪಟ್ಟಣದಲ್ಲಿ ಶಾಲೆಯ ಮೇಡಮ್ಮು. ವಯಸ್ಸಾದ ತಂದೆಯೂ ಎಂಟನೇ ಕ್ಲಾಸಿನ ಮಗಳೂ ಅಲ್ಲೇ ಬಾಡಿಗೆ ಮನೆಯಲ್ಲಿದ್ದರು. ತೊಂಬತ್ತರ ದಶಕದ ನಡುವೆ ಕೊಲ್ಲಿ ದೇಶದ ಒಂದು ವಿಮಾನ ಕಂಪನಿ ಅವರನ್ನು ಎರಡು ವರ್ಷದ ಕರಾರಿಗೆ ಕರೆಯಿತು. ಕರಾರಿನ ಕಾಗದ ಹಿಡಿದು ಅವರು ಬಂದದ್ದು ನನ್ನ ಹತ್ತಿರ.

ನಾನು ಕೆ.ಆರ್. ಪೇಟೆ ತಾಲ್ಲೂಕಿನವನು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನನಗಿಂತ ಮುಂಚೆ ಯಾರೂ ಇಲ್ಲ. ಅವ್ವ ಡೈರಿಗೆ ಹಾಲು ಹಾಕಿ ಓದಿಸಿದಳು. ಪಾಂಡವಪುರದಲ್ಲಿ ಗೊಬ್ಬರದಂಗಡಿಯ ಮಹಡಿಯ ಮೇಲೊಂದು ಕೋಣೆ ಹಿಡಿದು, ತೆರಿಗೆ ಸಲಹೆಗಾರ ಎಂದು ಬೋರ್ಡು ಹಾಕಿದ್ದೆ. ಬೋರ್ಡಿನಲ್ಲಿ ಬಿ.ಕಾಂ. ಅನ್ನುವುದು ನನ್ನ ಹೆಸರಿಗಿಂತ ದಪ್ಪಕ್ಕಿತ್ತು, ನಾನೇ ಹಾಗೆ ಬರೆಸಿದ್ದೆ. ಬರುತ್ತಿದ್ದವರು ಲಾರಿ ಮಾಲೀಕರು, ಬೆಲ್ಲದ ವ್ಯಾಪಾರಿಗಳು.

ಪೈಲಟಣ್ಣ ಬಸ್ಸಿಳಿದು ಮಾಮೂಲಿ ಚಪ್ಪಲಿಯಲ್ಲಿ ಮೆಟ್ಟಿಲು ಹತ್ತಿದ್ದನ್ನು ಕಂಡು ಕೆಳಗಿನ ಗೊಬ್ಬರದಂಗಡಿಯವನಿಗೆ ನಿರಾಸೆಯಾಯಿತು. "ಏನ್ ಸಾ, ಏರೋಪ್ಲೇನ್ ಓಡ್ಸೋರು ಬಸ್ಸಲ್ಲಿ ಬಂದ್ಬುಟ್ರಿ?"

"ಎಲ್ಲಿ ಇಳಿಸ್ಲಪ್ಪಾ? ನಿನ್ನ ಮೂಟೆ ಎಲ್ಲಾ ರೋಡಲ್ಲೇ ಮಡಗಿದ್ದೀಯಲ್ಲ" ಅಂದರು ಇವರು.

ಮೈಸೂರಿನಲ್ಲಿ ದೊಡ್ಡ ಆಡಿಟರುಗಳಿದ್ದಾರಲ್ಲ ಅಣ್ಣ, ಎಂದು ನಾನೇ ಕೇಳಿದೆ. "ಅವ್ರ ಅಪ್ಪಂದಿರೂ ಆಡಿಟರುಗಳೇ. ನೀನು ನಿಮ್ಮನೇಲಿ ಮೊದಲ್ನೇವ್ನು, ನಾನು ನಮ್ಮನೇಲಿ ಮೊದಲ್ನೇವ್ನು. ಮೊದಲ್ನೇವ್ನು ಎರಡು ಸಲ ನೋಡ್ತಾನೆ. ಓದ್ಲಾ" ಅಂದರು.

ಬೆರಳಿಟ್ಟು ಇಬ್ಬರೂ ಓದಿದೆವು. ತರಬೇತಿಯ ಖರ್ಚಿಗೆ ಬಾಂಡು. ನಡುವೆ ಬಿಟ್ಟರೆ ಅಷ್ಟನ್ನೂ ಕಟ್ಟಬೇಕು. ಕೆಲಸ ಬಿಡಲು ಮೂರು ತಿಂಗಳ ನೋಟಿಸು. ವೈದ್ಯಕೀಯ ಪರೀಕ್ಷೆಯಲ್ಲಿ ಫೇಲಾದರೆ ಸಂಬಳ ನಿಂತಂತೆ. "ಕಣ್ಣು ನೆಟ್ಟಗಿರೋವರ್ಗೂ ಕೂಲಿ ಅನ್ನು" ಎಂದು ನಕ್ಕರು. ಆಮೇಲೆ ನಗದೆ ಹೇಳಿದರು: "ಎರಡೇ ವರ್ಸ. ಮನೆ ಕಟ್ಟೋವಷ್ಟು ಆದ್ರೆ ಸಾಕು. ಮಗಳು ಎಸ್ಸೆಸ್ಸೆಲ್ಸಿ ಬರೆಯೋ ವರ್ಸ ನಾನು ಮನೇಲಿರ್ಬೇಕು."

ವಾರವಿಡೀ ಕಾಯಿದೆ ಪುಸ್ತಕ ಓದಿದೆ. ವಿಷಯ ಕಷ್ಟದ್ದಲ್ಲ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ನೂರ ಎಂಬತ್ತೆರಡು ದಿನ ದೇಶದೊಳಗಿದ್ದರೆ ಅವರು ಇಲ್ಲಿಯ ನಿವಾಸಿ. ಹೊರಗೆ ದುಡಿದದ್ದಕ್ಕೂ ಇಲ್ಲಿ ತೆರಿಗೆ. ಒಂದು ದಿನ ಕಡಿಮೆಯಾದರೂ ಆ ತೆರಿಗೆ ಇಲ್ಲ, ಸಂಬಳ ಮಾತ್ರ ಅಲ್ಲಿಯ ಬ್ಯಾಂಕಿಗೇ ಬಿದ್ದು ಆಮೇಲೆ ಮನೆಗೆ ಬರಬೇಕು. ಸೆಪ್ಟೆಂಬರ್ ಇಪ್ಪತ್ತೆಂಟರೊಳಗೆ ಹೊರಡಿ ಎಂದೆ. ಅವರು ಇಪ್ಪತ್ತೊಂದಕ್ಕೇ ಹೊರಟರು. ಆವತ್ತಿಗೆ ನೂರ ಎಪ್ಪತ್ತನಾಲ್ಕು ದಿನ. ಮಾರ್ಚ್ ಕೊನೆಯವರೆಗೆ ಇನ್ನು ಏಳೇ ದಿನ ಬರಬಹುದು ಅಣ್ಣ, ಎಂದು ಬರೆದುಕೊಟ್ಟೆ.

ಆ ಏಳು ದಿನವನ್ನು ಅವರು ಮುಟ್ಟಲೇ ಇಲ್ಲ. ಜನವರಿಯಲ್ಲಿ ತಂದೆಗೆ ಮೈಸೂರಿನಲ್ಲಿ ಕಣ್ಣಿನ ಆಪರೇಷನ್ ಆಯಿತು. ಮೇಡಮ್ಮು ಒಬ್ಬರೇ ಓಡಾಡಿದರು. ಬನ್ನಿ ಅಣ್ಣ, ದಿನ ಇವೆ ಎಂದು ನಾನೇ ಎಸ್.ಟಿ.ಡಿ. ಬೂತಿನಿಂದ ಫೋನ್ ಮಾಡಿದೆ. "ಬ್ಯಾಡ ಬುಡು. ಅದು ಟ್ಯಾಂಕಿನ ತಳದಾಗಿರೋ ಎಣ್ಣೆ ಇದ್ದಂಗೆ. ಚಕ್ರ ನೆಲ ಮುಟ್ಟೋಗಂಟ ಮುಟ್ಟಬಾರ್ದು" ಅಂದರು.

ಜೂನಿನಲ್ಲಿ ರಜೆಗೆ ಬಂದರು. ರಿಟರ್ನ್ ತುಂಬಲು ಗಂಡ ಹೆಂಡತಿ ಇಬ್ಬರೂ ನನ್ನ ಕೋಣೆಗೆ ಬಂದರು. ನಾನು ಕೇಳಿದ್ದು ಪಾಸ್‌ಪೋರ್ಟು. ಅವರು ಹಾರಾಟದ ಲಾಗ್‌ಬುಕ್ಕನ್ನೂ ತಂದಿದ್ದರು. ಪಾಸ್‌ಪೋರ್ಟಿನ ಮುದ್ರೆ ನೋಡಿ ನೂರ ಎಪ್ಪತ್ತನಾಲ್ಕು ಎಂದು ಬರೆದೆ.

"ಬಾಂಬೇಲಿ ಐದು ಸಲ ಒಂದೊಂದು ರಾತ್ರಿ ಇದ್ದೆ. ಅದು ಲೆಕ್ಕಕ್ಕೆ ಬರಾಕಿಲ್ಲ ಅಲ್ವಾ?" ಅಂದರು, ಕಾಫಿ ಆರಿಸಿಕೊಳ್ಳುತ್ತಾ. "ಊರಿಗೆಲ್ಲಿ ಬಂದೆ ನಾನು? ವಿಮಾನ ತಂದು ಇಳಿಸಿದ್ದು, ಹೋಟ್ಲಲ್ಲಿ ಮಲಗಿದ್ದು, ಮಾರ್ನೆ ದಿನ ತಿರಗಾ ತಗೊಂಡು ಹೋಗಿದ್ದು."

ವಿಮಾನ ಹಾರಿಸುವವರನ್ನು ಎಲ್ಲೆಲ್ಲಿಗೆ ಹಾರಿಸುತ್ತೀರಿ ಎಂದು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಮನೆಗೆ ಬಂದರೆ ತಾನೆ ಬಂದಂತೆ ಎಂದು ನಮ್ಮ ಕಡೆ ಯಾರಾದರೂ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಕಾಯಿದೆಗೆ ಊರು, ಮನೆ ಬೇಕಿಲ್ಲ. ಕಾಲು ದೇಶದ ನೆಲದ ಮೇಲಿದ್ದರೆ ಸಾಕು. ಇಳಿದ ದಿನ ಒಂದು, ಹೊರಟ ದಿನ ಒಂದು. ಐದು ಸಲಕ್ಕೆ ಹತ್ತು. ಒಟ್ಟು ನೂರ ಎಂಬತ್ತನಾಲ್ಕು, ನೂರ ಎಂಬತ್ತೆರಡರ ಗಡಿ ದಾಟಿತ್ತು.

ಅಷ್ಟರಲ್ಲಿ ಮೇಡಮ್ಮು ಕೇಳಿದರು. "ರೀ, ಬಾಂಬೆಗೆ ಬಂದಿದ್ರಾ? ಮಾವನವರ ಆಪರೇಷನ್ ದಿನ ಎಲ್ಲಿದ್ರಿ?"

ಅವರು ಲಾಗ್‌ಬುಕ್ ತೆಗೆದು, ಜನವರಿ ಪುಟದಲ್ಲಿ ಬೆರಳು ಇಳಿಸುತ್ತಾ ಹೋಗಿ ಒಂದು ಸಾಲಿನ ಕೆಳಗೆ ನಿಲ್ಲಿಸಿದರು. ಆವತ್ತು ಬಾಂಬೆಯಲ್ಲೇ ಇದ್ದರು. ಮೇಡಮ್ಮು ನನ್ನ ಕಡೆ ತಿರುಗಿದರು.

"ಅವನ್ನ ನೋಡ್ಬೇಡ, ಅವ್ನು ಬನ್ನಿ ಅಂತ್ಲೇ ಅಂದಿದ್ದ. ಡ್ಯೂಟಿ ಬಿಟ್ಟು ಬರಂಗಿರ್ಲಿಲ್ಲ" ಅಂದರು ಅಣ್ಣ. ಕೆಳಗೆ ಕಬ್ಬಿನ ಲಾರಿಯೊಂದು ಹಾರ್ನ್ ಹೊಡೆಯುತ್ತಲೇ ಇತ್ತು.

ನನ್ನ ಬಾಯಲ್ಲಿ ಬಂದ ಮಾತನ್ನು ಮುಚ್ಚಿಡುವುದಿಲ್ಲ. "ಡ್ಯೂಟಿ ಮೇಲೆ ಬಂದಾಗ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿಲ್ಲ ಅಣ್ಣ. ಯಾರಿಗೂ ಗೊತ್ತಾಗೋದಿಲ್ಲ. ನೂರ ಎಪ್ಪತ್ತನಾಲ್ಕೇ ಇರಲಿ."

"ಇದ್ರಲ್ಲಿ ಐತಲ್ಲಾ" ಎಂದು ಲಾಗ್‌ಬುಕ್ ಮೇಲೆ ಕೈಯಿಟ್ಟರು. "ಇದ್ರಲ್ಲಿ ಒಂದು ಸಾಲು ಇಲ್ಲ ಅಂದ್ಬುಟ್ರೆ, ಇನ್ನೊಂದು ಸಾಲ ನಂಬಿ ನನ್ನ ಹಿಂದೆ ಯಾರ್ಲಾ ಕೂತ್ಕತಾರೆ?"

ತಪ್ಪು ನನ್ನದು ಎಂದೆ. ಅವರು ಹೇಳಿದ್ದು ಇಷ್ಟು: "ಯಾರ್ದು ಅಂತ ಆಮೇಲೆ ನೋಡುಮ. ಯಾವ ಪ್ರಶ್ನೆ ಬುಟ್ಟೋಯ್ತು, ಅದ ಹೇಳು."

ಆರು ತಿಂಗಳ ಸಂಬಳಕ್ಕೆ ಪೂರ್ತಿ ತೆರಿಗೆ ಕಟ್ಟಿದರು. ಅಷ್ಟರಲ್ಲಿ ಹಾಕಿಸಿದ್ದ ಹೊಸ ಮನೆಯ ತಳಪಾಯ ತಳಪಾಯವಾಗಿಯೇ ನಿಂತಿತು. ಮನೆ ಮುಗಿಸಲು ಮತ್ತೆರಡು ವರ್ಷದ ಕರಾರಿಗೆ ರುಜು ಹಾಕಿದರು. ಮಗಳು ಎಸ್ಸೆಸ್ಸೆಲ್ಸಿ ಬರೆದಾಗ ಅವರು ಇರಲಿಲ್ಲ. ಚೆನ್ನಾಗಿಯೇ ಪಾಸಾದಳು, ಆದರೆ ಅದು ಬೇರೆ ಮಾತು. ನಾನು ಕೇಳದ ಒಂದು ಪ್ರಶ್ನೆಗೆ ಅವರು ಎರಡು ವರ್ಷ ಕೊಟ್ಟರು.

ಕಾಗದಪತ್ರ ಬೇರೆ ಕಡೆ ಒಯ್ಯುತ್ತಾರೆಂದು ಕಾದೆ. ಅವರು ಒಯ್ಯಲಿಲ್ಲ. ಮುಂದಿನ ರಜೆಯಲ್ಲಿ ಜೊತೆಯ ಪೈಲಟ್ ಒಬ್ಬರನ್ನು ನನ್ನ ಕೋಣೆಗೆ ಕರೆತಂದು, ನನ್ನೆದುರೇ ಹೇಳಿದರು: "ಇವ್ನು ಒಂದು ಸಲ ಎಡವವ್ನೆ. ಅದೇ ಜಾಗದಲ್ಲಿ ಇನ್ನು ಎಡವಾಕಿಲ್ಲ." ಆಮೇಲೆ ಒಂದು ರಟ್ಟು ಕೇಳಿ, ಯಾರೇ ಬಂದರೂ ನಾನು ಕೇಳಬೇಕಾದ ಪ್ರಶ್ನೆಗಳನ್ನು ನನ್ನಿಂದಲೇ ಬರೆಸಿದರು. ಮೊದಲ ಸಾಲು ಅವರ ಕೈಬರಹ: 'ದೇಶದಲ್ಲಿ ಇಳಿದ ದಿನಗಳು ಎಷ್ಟು, ಊರಿಗೆ ಬಾರದೆ ಇಳಿದವೂ ಸೇರಿ.' ಆ ರಟ್ಟು ಈಗಲೂ ನನ್ನ ಮೇಜಿನ ಗಾಜಿನ ಕೆಳಗಿದೆ. ಬೆರಳಿಡದೆ ಅದನ್ನು ಓದಿದ್ದಿಲ್ಲ.

ಕೆಲಸ ಮುಗಿಸಿ ಬಂದು ಶ್ರೀರಂಗಪಟ್ಟಣದಲ್ಲಿ ಕಟ್ಟಿಸಿದ ಆ ಮನೆಯಲ್ಲೇ ಇದ್ದರು. ಹೋದದ್ದು ಒಂದು ಫೆಬ್ರವರಿಯಲ್ಲಿ, ಎದೆನೋವಿನಿಂದ. ಅವರ ಕೊನೆಯ ರಿಟರ್ನ್ ತುಂಬಿಸಲು ಮೇಡಮ್ಮು ಬಂದರು. ಅಭ್ಯಾಸಬಲದಿಂದ ರಟ್ಟಿನ ಮೊದಲ ಸಾಲಿನ ಕೆಳಗೆ ಬೆರಳಿಟ್ಟು ಕೇಳಿಯೇಬಿಟ್ಟೆ: ಆ ವರ್ಷ ಅಣ್ಣ ದೇಶದಲ್ಲಿದ್ದದ್ದು ಎಷ್ಟು ದಿನ?

ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಕನ್ನಡಕ ಹಾಕಿಕೊಂಡು ರಟ್ಟಿನ ಮೇಲಿನ ಆ ಕೈಬರಹವನ್ನು ಒಂದು ಸಲ ಓದಿದರು.

"ಅಷ್ಟೂ ದಿನ ಮನೇಲೇ ಇದ್ರು ಕಣಪ್ಪ. ಬರ್ಕೋ" ಅಂದರು.