ಅಕ್ಕನ ಆಕಾಶದ ಹುಡುಗಿ

ದಾವಾವೊ ನಗರದ ಉಪಗ್ರಹ ಕೇಂದ್ರಕ್ಕೆ ವರ್ಗವಾಗಿ ಬಂದ ದಿನ, ಹಿರಿಯ ಎಂಜಿನಿಯರ್ ಫ್ಲೋರ್ದೆಲಿಸಾ ಅಕ್ಕ “ಊಟ ಆಯ್ತಾ, ಕಂದಾ?” ಎಂದಾಗ, ಐವತ್ತರ ಅಂಚಿನ ಬೆನಿಲ್ಡೊ ತನ್ನನ್ನೂ ಕಂದ ಎನ್ನುವವರಿದ್ದಾರಲ್ಲ ಎಂದು ಹಿಗ್ಗಿ, “ಆಯ್ತಕ್ಕಾ, ಒಣಮೀನು, ಬೆಳ್ಳುಳ್ಳಿ ಅನ್ನ” ಎಂದುಬಿಟ್ಟ. ಕೋಣೆಯೆಲ್ಲ ನಕ್ಕಿತು. ಅಕ್ಕ ಕೇಳಿದ್ದು ಆಗಷ್ಟೇ ದಿಗಂತದಿಂದ ಮೇಲೆದ್ದ, ಅಕ್ಕಿಮೂಟೆ ಗಾತ್ರದ ಪುಟ್ಟ ಉಪಗ್ರಹವನ್ನು. ಊಟವೆಂದರೆ ಬಿಸಿಲು, ಹೊಟ್ಟೆಯೆಂದರೆ ಬ್ಯಾಟರಿ. ಬಂದ ಹುಡುಗಿಗೆ ಉಂಡೆಯಾ ಎಂದು ಕೇಳದೆ ಕೆಲಸ ಹೇಳುವುದುಂಟೇ? ಮೋಡ ಕವಿದು ಚಿತ್ರ ಕೆಟ್ಟರೆ ಬೈಗುಳವೆಲ್ಲ ಮೋಡಕ್ಕೆ. “ಅವಳೇನ್ ಮಾಡ್ತಾಳೆ ಪಾಪ, ಭೂಮಿ ಸುತ್ತಿ ಸುತ್ತಿ ಸುಸ್ತಾಗಿದಾಳೆ.” ಬೇರೆ ದೇಶದ ಉಪಗ್ರಹವನ್ನು ಹೊಗಳಿದವರಿಗೆ ಆ ದಿನ ಅಕ್ಕನ ಕಾಫಿಯಿಲ್ಲ. ಈಗ ಹುಡುಗಿ ಪ್ರತಿ ಸುತ್ತಿಗೂ ಕೆಳಗಿಳಿಯುತ್ತಿದ್ದಾಳೆ. ಇನ್ನು ಕೆಲವು ತಿಂಗಳಲ್ಲಿ ವಾತಾವರಣಕ್ಕೆ ಬಿದ್ದು ಉರಿದುಹೋಗುತ್ತಾಳೆ. ಅಷ್ಟರೊಳಗೆ ಅಕ್ಕನಿಗೆ ಬೇಕಾದದ್ದು ಒಂದೇ ಒಂದು ತಿಳಿಯಾದ ಚಿತ್ರ: ಸಾಮಾರ್ ದ್ವೀಪದ ತವರಿನ ತೀರದ್ದು. ಅಲ್ಲಿ ಚಂಡಮಾರುತಕ್ಕೆ ಮಗನನ್ನು ಕಳೆದುಕೊಂಡ ಅಕ್ಕನ ತಾಯಿ ಊರವರನ್ನು ಕಟ್ಟಿಕೊಂಡು ಕಡಲಿಗೆ ಅಡ್ಡವಾಗಿ, ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಸಸಿ ನೆಟ್ಟಿದ್ದಾಳೆ. ಒಂದೆಲೆ ಬಿಟ್ಟರೂ ಆಕೆ ಫೋನಿನಲ್ಲಿ ಕಾಡು ಎನ್ನುವವಳು; ಅಲೆ ತಡೆಯುವಷ್ಟು ದಟ್ಟವಾಗಿದೆಯೇ ಎಂಬುದು ಮೇಲಿನಿಂದ ಕಂಡರಷ್ಟೇ ಅಕ್ಕನಿಗೆ ನಂಬಿಕೆ. ಮೊನ್ನೆ ಮೋಡ ಸರಿಯಿತು, ಚಿತ್ರ ಇಳಿಯಿತು. ತೀರದುದ್ದಕ್ಕೂ ಹಸಿರಿನ ಅಂಚು! ಬೆನಿಲ್ಡೊ ಕನ್ನಡಕ ಒರೆಸಿಕೊಂಡು, “ಅಕ್ಕಾ, ಇದು ಮೋಡದ ನೆರಳಲ್ಲ ತಾನೇ?” ಎಂದ. ಅಕ್ಕ ಪರದೆಯಿಂದ ಕಣ್ಣು ಕೀಳದೆ ಹೇಳಿದಳು: “ಇರಬಹುದಪ್ಪ. ಆದ್ರೆ ಆ ನೆರಳನ್ನ ಮೇಯೋಕೆ ಬರೋ ಮೇಕೆಗಳನ್ನ ನಮ್ಮಮ್ಮ ದಿನಾ ಓಡಿಸ್ತಾ ಇದಾಳೆ.”