ಬಸವರಾಜಣ್ಣನ ತೆರೆದ ಕಿವಿ

ಎರಡು ಕಿವಿಗೂ ಬಟ್ಟಲು ಕವುಚಿದಂಥ ದಪ್ಪ ಕಪ್ಪು ಹೆಡ್‌ಫೋನು, ಅದರ ಮೇಲೆ ಅಡುಗೆಯವರ ಬಿಳಿ ಟೋಪಿ. ಬಸವರಾಜಣ್ಣ ನನ್ನ ಕಣ್ಣ ಮುಂದೆ ಬರುವುದೇ ಹೀಗೆ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಭುಜ ತಟ್ಟಿದರೆ ಒಂದು ಬಟ್ಟಲು ಸರಿಸಿ, ಏನೂ ಅರಿಯದವರ ಹಾಗೆ, "ಏನ್ ಅಂದ್ರಿ?" ಎನ್ನುವರು. ಅದು ಶುದ್ಧ ನಾಟಕ. ಅವರಿಗೆ ಎಲ್ಲವೂ ಕೇಳಿಸುತ್ತಿತ್ತು.

ಸ್ವೀಡನ್ನಿನ ಉಮೆಯೊ ಊರಿನಲ್ಲಿ ಬೆಂಗಳೂರಿನವರೊಬ್ಬರ ಹೋಟೆಲು. ಅಲ್ಲಿನ ಅಡುಗೆಮನೆಯಲ್ಲಿ ನಾವಿಬ್ಬರೂ ಕೆಲವು ವರ್ಷ ಒಂದೇ ಕಟ್ಟೆಯ ಮುಂದೆ ನಿಂತು ದುಡಿದೆವು. ಅವರು ಗದಗಿನ ಕಡೆಯವರು, ಚಪಾತಿ, ಪಲ್ಯದ ಕೈ. ನಾನು ತುಮಕೂರಿನವನು, ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಲೋಟ ತೊಳೆಯುತ್ತ ತೊಳೆಯುತ್ತ ಬಾಣಲೆಯ ಹತ್ತಿರ ಬಂದವನು. ಯಾರ ಶಿಫಾರಸಿನಿಂದಲೂ ಈ ದೇಶಕ್ಕೆ ಬಂದವನಲ್ಲ. ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುವ ಹುಡುಗರು ಭಾನುವಾರ ನನ್ನ ದೋಸೆಗೆಂದೇ ಸಾಲು ನಿಲ್ಲುತ್ತಿದ್ದರು. ಇದನ್ನು ಜಂಬಕ್ಕೆ ಹೇಳುತ್ತಿದ್ದೇನೆ ಅಂದುಕೊಂಡರೆ ಅಂದುಕೊಳ್ಳಿ.

ಹೆಡ್‌ಫೋನು ಅವರ ಮಗಳು ತಂದುಕೊಟ್ಟದ್ದು. ಅದರಲ್ಲೊಂದು ಗುಂಡಿ ಇತ್ತು. ಒತ್ತಿದರೆ ಹಾಡಿನ ಜೊತೆಗೆ ಹೊರಗಿನ ಸದ್ದೂ ಒಳಗೆ ಬರುತ್ತಿತ್ತು. ಬಸವರಾಜಣ್ಣ ಸಣ್ಣ ದನಿಯಲ್ಲಿ ತತ್ವಪದ ಹಾಕಿಕೊಂಡು, ಆ ಗುಂಡಿಯನ್ನು ಯಾವಾಗಲೂ ಒತ್ತಿಯೇ ಇಟ್ಟಿರುತ್ತಿದ್ದರು. ಈ ಗುಟ್ಟು ಗೊತ್ತಿದ್ದದ್ದು ನನಗೊಬ್ಬನಿಗೆ.

"ಕೇಳಿಸಲ್ಲ ಅಂತ ಯಾಕಣ್ಣ ಆಟ ಆಡ್ತೀಯ?" ಎಂದು ಒಮ್ಮೆ ಕೇಳಿದ್ದೆ.

"ಕೇಳಿಸೋನಿಗೆ ಬೈದ್ರೆ ರುಚಿ ತಮ್ಮಾ. ಕೇಳಿಸ್ದೇ ಇರೋನಿಗೆ ಬೈಯೋಕೆ ಯಾರಿಗೆ ಬೇಕು? ನೋಡು, ಬೈಗುಳೆಲ್ಲಾ ನಿನ್ನ ಪಾಲಿಗೇ ಬರುತ್ತೆ."

ನಿಜವೇ. ಯಜಮಾನ ಬಾಗಿಲಲ್ಲಿ ನಿಂತು, "ಈ ಕಿವುಡನಿಗೆ ಹೇಳಿ ಸುಖ ಇಲ್ಲ, ನೀನಾದ್ರೂ ಬೇಗ ಕೈ ಆಡ್ಸು" ಎಂದು ನನಗೆ ರೇಗುತ್ತಿದ್ದ. ಬಸವರಾಜಣ್ಣ ತಲೆ ತಗ್ಗಿಸಿ ಲಟ್ಟಿಸುತ್ತಿದ್ದರು. ಹೊಟ್ಟೆ ಮಾತ್ರ ನಗುವಿಗೆ ಕುಣಿಯುತ್ತಿತ್ತು. ಯಜಮಾನ, ಅವನ ಹೆಂಡತಿ ಇಬ್ಬರೂ ಬಸವರಾಜಣ್ಣನ ಎದುರಿಗೇ ಜಗಳ ಆಡುತ್ತಿದ್ದರು, ಗಿರಾಕಿಗಳ ಚಾಡಿ ಹೇಳುತ್ತಿದ್ದರು. ಸ್ವೀಡನ್ನಿನಲ್ಲಿ ಕನ್ನಡ ಆಡಿದರೆ ಬಾಗಿಲು ಹಾಕಿಕೊಂಡಷ್ಟೇ ಧೈರ್ಯ ನಮ್ಮವರಿಗೆ. ಕೇಳುವವನೂ ಕಿವಿ ಮುಚ್ಚಿಕೊಂಡಿದ್ದರಂತೂ ಹೇಳುವುದೇ ಬೇಡ. ಮಧ್ಯಾಹ್ನ ಫೀಕಾ ಎಂದು ಇಲ್ಲಿನವರು ಕರೆಯುವ ಕಾಫಿ ಬಿಡುವಿನ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ಕಾಫಿ ಹಿಡಿದು ನಿಂತು ಬಸವರಾಜಣ್ಣ ಅದನ್ನೆಲ್ಲ ಇಬ್ಬರ ದನಿಯಲ್ಲೂ ಆಡಿ ತೋರಿಸುವರು. ಹಿಮದಲ್ಲಿ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದೆ.

ಅವರ ಕಿವಿ ನನ್ನ ಚರ್ಮವನ್ನೂ ಒಮ್ಮೆ ಉಳಿಸಿತು. ಒಂದು ಸಂಜೆ ನಾನು ಬೆನ್ನು ತಿರುಗಿಸಿ ಈರುಳ್ಳಿ ಹೆಚ್ಚುತ್ತಿದ್ದೆ. ಹಿಂದೆ ಕಾದ ಎಣ್ಣೆಗೆ ಮೇಲಿನ ಹಲಗೆಯಲ್ಲಿ ತೊಳೆದಿಟ್ಟ ತಟ್ಟೆಯಿಂದ ನೀರು ತೊಟ್ಟಿಕ್ಕತೊಡಗಿತ್ತು. ಅಡುಗೆಮನೆಯ ಆ ಗದ್ದಲದಲ್ಲಿ ಅವರಿಗೆ ಅದೊಂದೇ ಸದ್ದು ಬೇರೆಯಾಗಿ ಕೇಳಿಸಿತು. ಲಟ್ಟಣಿಗೆ ಬಿಸಾಕಿ ನನ್ನ ರಟ್ಟೆ ಹಿಡಿದು ಎಳೆದರು. ನಾನು ನಿಂತಿದ್ದ ಕಡೆ ಎಣ್ಣೆ ಸಿಡಿಯಿತು. "ಎಣ್ಣೆ ಗದರಿಸ್ತಿತ್ತು, ನಿಂಗೆ ಕೇಳಿಸ್ಲಿಲ್ವಾ?" ಎಂದಷ್ಟೇ ಹೇಳಿ ಮತ್ತೆ ಚಪಾತಿಗೆ ತಿರುಗಿದರು. ಅಂದಿನಿಂದ ಅವರು ಪಕ್ಕದಲ್ಲಿದ್ದರೆ ನಾನು ಹಿಂದೆ ತಿರುಗಿ ನೋಡುವುದನ್ನೇ ಬಿಟ್ಟೆ.

ಒಂದು ನವೆಂಬರಿನಲ್ಲಿ, ದೀಪಾವಳಿ ಮುಗಿದ ಮೇಲೆ, ನನಗೆ ಇನ್ನೂ ಉತ್ತರದ ಲುಲೆಯೊ ಊರಿನಿಂದ ಫೋನು ಬಂತು. ಅಲ್ಲಿನ ಕ್ಯಾಂಟೀನಿಗೆ ಅಡುಗೆಯವನು ಬೇಕು, ಸಂಬಳದ ಜೊತೆ ಎರಡು ಕೋಣೆಯ ಮನೆ. ಊರಲ್ಲಿರುವ ಹೆಂಡತಿ, ಮಗಳನ್ನು ಕರೆಸಿಕೊಳ್ಳಲು ನನಗೆ ಬೇಕಾಗಿದ್ದದ್ದು ಅಂಥ ಮನೆಯೇ. ಆದರೆ ಯಜಮಾನ ಆಗಲೇ ಮಾತು ಕೊಟ್ಟಿದ್ದ: ಬೇಸಿಗೆಗೆ ನಾನೇ ಮುಖ್ಯ ಅಡುಗೆಯವನು, ಹೋಟೆಲಿನ ಮೇಲಿನ ಮನೆ ನನಗೆ. ನಾನೂ ಇರುತ್ತೇನೆಂದು ಮಾತು ಕೊಟ್ಟಿದ್ದೆ. "ಇಲ್ಲ ಸಾರ್, ಇಲ್ಲೇ ಎಲ್ಲಾ ಸರಿಹೋಗಿದೆ" ಎಂದು ಫೋನಿಟ್ಟೆ. ಪಕ್ಕದಲ್ಲೇ ಬಸವರಾಜಣ್ಣ. ಲಟ್ಟಣಿಗೆ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಉರುಳಿತು.

ಕ್ರಿಸ್‌ಮಸ್ಸಿನ ಪಾರ್ಟಿಗಳೆಲ್ಲ ಮುಗಿದವು. ಜನವರಿಯಲ್ಲಿ ಯಜಮಾನ ನನ್ನನ್ನು ಕರೆದು, ವ್ಯಾಪಾರ ಇಲ್ಲ, ಕೆಲಸ ಇಲ್ಲ ಎಂದ. ನನ್ನ ಜಾಗಕ್ಕೆ ಅವನ ಹೆಂಡತಿಯ ತಮ್ಮ ಬೆಂಗಳೂರಿನಿಂದ ಬರುವವನಿದ್ದ. ಲುಲೆಯೊಗೆ ಫೋನು ಮಾಡಿದೆ. ಬೇರೆಯವರು ಸೇರಿ ಆಗಿತ್ತು. ಕೆಲಸ ಹೋದ ಮೇಲೆ ಮೂರು ತಿಂಗಳೊಳಗೆ ಇನ್ನೊಬ್ಬ ಮಾಲೀಕ ಸಿಗದಿದ್ದರೆ ನಮ್ಮಂಥವರ ಪರ್ಮಿಟ್ಟು ಉಳಿಯುವುದಿಲ್ಲ. ಕೊನೆಗೆ ದೂರದ ದಕ್ಷಿಣದಲ್ಲಿ, ಯೋನ್‌ಶೋಪಿಂಗಿನಲ್ಲಿ, ಒಂದು ಅಡುಗೆಮನೆ ಸಿಕ್ಕಿತು. ಇನ್ನೊಬ್ಬನ ಕೈಕೆಳಗೆ ಕೆಲಸ, ನಾಲ್ಕು ಗಂಡಸರ ಜೊತೆ ಒಂದು ಕೋಣೆ. ಮನೆಯವರನ್ನು ಕರೆಸುವ ಮಾತು ಅಲ್ಲಿಗೆ ನಿಂತಿತು.

ಬೀಳ್ಕೊಡಲು ಉಮೆಯೊ ಸ್ಟೇಷನ್ನಿಗೆ ಬಂದವರು ಬಸವರಾಜಣ್ಣ ಒಬ್ಬರೇ. ಹೆಡ್‌ಫೋನು ಇರಲಿಲ್ಲ. ಕಿವಿಗಳು ಚಳಿಗೆ ಕೆಂಪಾಗಿದ್ದವು. ನನ್ನ ಪೆಟ್ಟಿಗೆಯನ್ನು ರೈಲಿಗೆ ಎತ್ತಿಕೊಟ್ಟು ಬಾಗಿಲಲ್ಲೇ ನಿಂತರು. ಎಲ್ಲರೆದುರು ಬೆಂಗಳೂರಿನ ಮಾತಾಡುತ್ತಿದ್ದವರ ಬಾಯಲ್ಲಿ ಆ ಹೊತ್ತು ಗದಗು ಬಂತು.

"ನನಗ ಗೊತ್ತಿತ್ತು, ತಮ್ಮಾ. ಗಂಡ ಹೆಂಡ್ತಿ ನನ್ನ ಮುಂದೇನೇ ಮಾತಾಡ್ಯಾರ. ಜನವರಿಗೆ ಬಿಡಸೋಣು, ಈಗ ಹೇಳಿದ್ರ ಕ್ರಿಸ್‌ಮಸ್ ಕೆಲಸ ಕೆಡ್ತದ ಅಂತ."

"ಯಾವಾಗಣ್ಣ?"

ಅವರು ನೆಲ ನೋಡಿದರು. "ದೀಪಾವಳಿಗಿಂತ ಮೊದಲ."

"ಹಂಗಾದ್ರೆ ಲುಲೆಯೊ ಫೋನ್ ಬಂದಾಗ..."

"ಪಕ್ಕದಾಗ ಇದ್ದೆ. ಹೇಳಿದ್ರ ನಾನ ಹೇಳಿದ್ದು ಅಂತ ಅವರಿಗೆ ತಿಳೀತಿತ್ತು, ಅಲ್ಲಿ ಬ್ಯಾರೆ ಯಾರೂ ಇರ್ಲಿಲ್ಲ. ನನ್ನೂ ಕಳಸ್ತಿದ್ರು. ಮಗಳು ಇನ್ನೂ ಸಾಲ್ಯಾಗ ಅದಾಳ. ಅಕಿಗೆ ಕನ್ನಡ ಓದಾಕ ಸುದ್ದಾ ಬರೂದಿಲ್ಲ, ಎಲ್ಲಿಗೆ ಕರ್ಕೊಂಡು ಹೋಗ್ಲಿ?"

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಪೆಟ್ಟಿಗೆಯನ್ನು ಇನ್ನಷ್ಟು ಒಳಕ್ಕೆ ಸರಿಸಿದೆ. ನನ್ನ ಮಗಳೂ ಶಾಲೆಯಲ್ಲೇ ಇದ್ದಾಳೆ, ಬೇಸಿಗೆಗೆ ಅಪ್ಪನ ಹತ್ತಿರ ಹೋಗುತ್ತೇನೆಂದು ಗೆಳತಿಯರಿಗೆಲ್ಲ ಹೇಳಿಕೊಂಡಿದ್ದಾಳೆ. ಅದು ಅವರಿಗೂ ಗೊತ್ತಿತ್ತು. ಅವಳ ಜೊತೆ ನಾನು ಫೋನಿನಲ್ಲಿ ಮಾತಾಡುತ್ತಿದ್ದದ್ದೂ ಅದೇ ಕಟ್ಟೆಯ ಮುಂದೆ ನಿಂತು.

"ಒಂದೀಟು ಬೈದರ ಬೈಯೋ," ಎಂದರು. ಕಣ್ಣು ತುಂಬಿತ್ತು. "ಸುಮ್ಮನ ಕುಂದರಬ್ಯಾಡ."

ಬಾಗಿಲು ಮುಚ್ಚಿತು. ಕಿಟಕಿಯಾಚೆ ಅವರು ರೈಲಿನ ಜೊತೆ ನಾಲ್ಕು ಹೆಜ್ಜೆ ನಡೆದು ನಿಂತರು. ಈಗಲೂ ಯುಗಾದಿಗೆ ಅವರ ಫೋನು ಬರುತ್ತದೆ. ಎತ್ತುತ್ತೇನೆ. ಚೆನ್ನಾಗಿದ್ದೀನಿ ಅಣ್ಣ, ಮಗಳು ಹೇಗಿದ್ದಾಳೆ, ಎನ್ನುತ್ತೇನೆ. ಆ ಕಡೆ ಅವರು ಕಾಯುತ್ತಿರುವುದು ನನಗೆ ತಿಳಿಯುತ್ತದೆ. ಒಂದು ಸಲ ಬಾಯಿ ತುಂಬ ಬೈದರೆ ಅವರ ಎದೆ ಹಗುರಾಗುತ್ತದೆ. ಅಷ್ಟು ದೊಡ್ಡ ಮನಸ್ಸು ನನಗಿನ್ನೂ ಬಂದಿಲ್ಲ.